ನಾಟಿ ಗದ್ದೆಯ ಪುಟ್ಟ ಕಪ್ಪೆಗಳು: ಓದುಗರ ಪ್ರಶ್ನೆ, ಟೀಚರ್ ಉತ್ತರ

ನಾಲೆಗೆ ನೀರು ಬಿಟ್ಟ ಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಪ್ಪೆಗಳ ಬಗ್ಗೆಯೇ ಇವೆ. ಹಾವು, ಹಕ್ಕಿ, ಗಿಡಗಳ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಈ ಸಲ ಅಂಕಣ ಪೂರ್ತಿ ಗದ್ದೆಯ ಸಣ್ಣ ಕಪ್ಪೆಗಳದ್ದು. ಹೊಸ ಓದುಗರಿಗೆ ಒಂದು ಮಾತು: ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದವಳು. ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ವಿಶ್ವೇಶ್ವರಯ್ಯ ನಾಲೆಯ ಕೆಳಗೆ ನಮ್ಮದೇ ಗದ್ದೆ ಇದೆ, ಈಗಲೂ ಭತ್ತ ಬೆಳೆಯುತ್ತೇವೆ. ಹಾಗಾಗಿ ಪುಸ್ತಕದಲ್ಲಿ ಓದಿದ್ದು, ಬದುವಿನ ಮೇಲೆ ನಿಂತು ನೋಡಿದ್ದು ಎರಡೂ ನನ್ನ ಉತ್ತರಗಳಲ್ಲಿ ಇರುತ್ತವೆ.

ಪ್ರಶ್ನೆ: ನಾಟಿ ಆದಾಗಿನಿಂದ ಮನೆ ಹಿಂದಿನ ಗದ್ದೆಯಲ್ಲಿ ರಾತ್ರಿಯೆಲ್ಲಾ ಟ್ರಿಟ್ರಿಟ್ರಿ ಅಂತ ಒಂದೇ ಸಮನೆ ಸದ್ದು. ಬ್ಯಾಟರಿ ಹಾಕಿ ನೋಡಿದರೆ ಹೆಬ್ಬೆರಳಷ್ಟು ಕಪ್ಪೆ! ಇವು ಗೋಂಕರು ಕಪ್ಪೆಯ ಮರಿಗಳು, ದೊಡ್ಡವಾದ ಮೇಲೆ ಹಳದಿ ಆಗುತ್ತವೆ ಅಂತಾರೆ ನಮ್ಮ ಮಾವ. ನಿಜವಾ ಟೀಚರ್?
— ಗೃಹಿಣಿ, ಪಾಂಡವಪುರ ತಾಲ್ಲೂಕು

ಇಲ್ಲಮ್ಮಾ, ಅವು ಮರಿಗಳಲ್ಲ. ಪೂರ್ತಿ ಬೆಳೆದ ಕಪ್ಪೆಗಳೇ. ಕೂಗುವುದೇ ಅದಕ್ಕೆ ಸಾಕ್ಷಿ. ಹೆಣ್ಣನ್ನು ಕರೆಯಲು ಗಂಡು ಕೂಗುತ್ತದೆ, ಮರಿಗೆ ಆ ಕೆಲಸ ಇಲ್ಲ. ಗೋಂಕರು ಕಪ್ಪೆಯ ಗಂಡು ಮಳೆಗಾಲದಲ್ಲಿ ಅರಿಶಿನ ಬಣ್ಣಕ್ಕೆ ತಿರುಗುತ್ತದೆ, ಗಂಟಲ ಎರಡೂ ಬದಿ ನೀಲಿ ಚೀಲ ಉಬ್ಬಿಸುತ್ತದೆ. ನಿಮ್ಮ ಮಾವ ಹೇಳಿದ ಹಳದಿ ಬಣ್ಣದ ಮಾತು ಅಷ್ಟರ ಮಟ್ಟಿಗೆ ಸರಿ. ಆದರೆ ಆ ಕಪ್ಪೆ 15 ಸೆಂಟಿಮೀಟರ್ ದಾಟಿ ಬೆಳೆಯುವ ಜಾತಿ. ನೀವು ನೋಡಿದ್ದು 3-4 ಸೆಂಟಿಮೀಟರಿಗೇ ಬೆಳವಣಿಗೆ ಮುಗಿಸುವ ಬೇರೆಯೇ ಜಾತಿ. ಹೆಣ್ಣು ಸ್ವಲ್ಪ ದೊಡ್ಡದು, ಅಷ್ಟೇ. ವಿಜ್ಞಾನಿಗಳು ಇದನ್ನು ಮಿನರ್ವರ್ಯ ಎಂಬ ಗುಂಪಿಗೆ ಸೇರಿಸುತ್ತಾರೆ. ನಮ್ಮೂರಲ್ಲಿ ಇದಕ್ಕೆ ಬೇರೆ ಹೆಸರೇ ಇಲ್ಲ, ಗದ್ದೆಗಪ್ಪೆ ಅಂದರೆ ಮುಗಿಯಿತು.

ಗೋಂಕರು ಕಪ್ಪೆಯ ಮರಿಗಳೂ ಅದೇ ಗದ್ದೆಯಲ್ಲಿ ಇರುತ್ತವೆ, ಅದಕ್ಕೇ ಗೊಂದಲ. ಬೆನ್ನು ನೋಡಿ. ಗೋಂಕರು ಮರಿಯ ಬೆನ್ನಿನ ಮೇಲೆ ಚರ್ಮದ ಮಡಿಕೆಗಳು ಉದ್ದಕ್ಕೆ ಗೆರೆ ಎಳೆದಂತೆ ಓಡುತ್ತವೆ. ಗದ್ದೆಗಪ್ಪೆಯ ಬೆನ್ನಿನಲ್ಲಿ ಮಡಿಕೆಗಳು ತುಂಡು ತುಂಡು, ನಡುವೆ ಸಣ್ಣ ಗಂಟುಗಳು. ಕೆಲವಕ್ಕೆ ಮೂತಿಯಿಂದ ಹಿಂದಿನವರೆಗೆ ನಡುಬೆನ್ನಿನಲ್ಲಿ ತೆಳು ಬಣ್ಣದ ಒಂದು ಪಟ್ಟೆ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಪಟ್ಟೆ ಇದ್ದರೂ ಇಲ್ಲದಿದ್ದರೂ ಜಾತಿ ಒಂದೇ. ಹಿಂಗಾಲಿನ ಬೆರಳುಗಳ ನಡುವಿನ ಪೊರೆಯನ್ನೂ ನೋಡಬಹುದು. ಗೋಂಕರಿಗೆ ಅದು ಬೆರಳ ತುದಿಯ ತನಕ ಬರುತ್ತದೆ, ಇದಕ್ಕೆ ಅರ್ಧಕ್ಕೇ ನಿಲ್ಲುತ್ತದೆ. ನೀರಿನಲ್ಲಿ ಈಜುವುದಕ್ಕಿಂತ ನೀರಂಚಿನ ಹುಲ್ಲಿನಲ್ಲಿ ಕುಳಿತಿರುವುದೇ ಇದಕ್ಕೆ ಇಷ್ಟ.

ಒಂದು ರಾತ್ರಿ ನಿಧಾನವಾಗಿ ನೋಡಿ. ಬೆಳಕು ಬಿದ್ದ ಕೂಡಲೇ ಕೂಗು ನಿಲ್ಲುತ್ತದೆ. ಬ್ಯಾಟರಿಗೆ ಕೆಂಪು ಬಟ್ಟೆಯೋ ಕೆಂಪು ಪ್ಲಾಸ್ಟಿಕ್ ಹಾಳೆಯೋ ಕಟ್ಟಿ, ಅಲುಗಾಡದೆ ಕೂತುಕೊಳ್ಳಿ. ಮೊದಲು ದೂರದ ಒಂದು ಕಪ್ಪೆ ಶುರು ಮಾಡುತ್ತದೆ. ಆಮೇಲೆ ಪಕ್ಕದ್ದು. ಕೊನೆಗೆ ನಿಮ್ಮ ಕಾಲ ಬುಡದಲ್ಲಿ ಇರುವುದೂ ದನಿಗೂಡಿಸುತ್ತದೆ. ಅದರ ಗಂಟಲ ಎರಡು ಬದಿಯಲ್ಲಿ ಮಸಿ ಬಳಿದ ಹಾಗೆ ಕಪ್ಪು ಕಾಣುತ್ತದೆ. ಬಾಯಿ ಮುಚ್ಚಿಕೊಂಡೇ ಕೂಗುತ್ತದೆ. ಶ್ವಾಸಕೋಶದ ಗಾಳಿ ಗಂಟಲ ಚೀಲಕ್ಕೆ ಬರುತ್ತದೆ, ಮತ್ತೆ ಒಳಗೆ ಹೋಗುತ್ತದೆ. ಆ ಹೋಗಿ ಬರುವ ಗಾಳಿಯಲ್ಲೇ ಸದ್ದು. ಗಂಟಲು ಉಬ್ಬಿದಾಗಲೆಲ್ಲಾ ಪಕ್ಕೆ ಒಳಕ್ಕೆ ಹೋಗುವುದು ಕಣ್ಣಿಗೆ ಕಾಣುತ್ತದೆ. ಮೈಯ ಸುತ್ತ ನೀರು ಸಣ್ಣಗೆ ನಡುಗುತ್ತಿರುತ್ತದೆ. ಹೆಬ್ಬೆರಳಷ್ಟು ಜೀವ ಇಷ್ಟು ಶಕ್ತಿಯನ್ನು ಎಲ್ಲಿಂದ ತರುತ್ತದೆ ಅಂತ ನನಗೆ ಇವತ್ತಿಗೂ ಆಶ್ಚರ್ಯ.

ಇನ್ನೂ ಚಿಕ್ಕದೊಂದು ಅಲ್ಲಿ ಇರಬಹುದು. ಎರಡು, ಎರಡೂವರೆ ಸೆಂಟಿಮೀಟರ್ ಉದ್ದ, ಮುಂದೆ ಚೂಪು, ಹಿಂದೆ ಅಗಲ. ಪುಟ್ಟ ಬಾಯಿ. ಕಣ್ಣುಗಳ ನಡುವಿನಿಂದ ಹೊರಟ ಕಂದು ಚಿತ್ತಾರ ಬೆನ್ನ ಮೇಲೆ ಅಗಲವಾಗುತ್ತಾ ಹೋಗುತ್ತದೆ. ಇದು ಮೈಕ್ರೋಹೈಲಾ ಆರ್ನೇಟಾ. ಇದರ ಕೂಗು ಟ್ರಿಟ್ರಿ ಅಲ್ಲ, ಒರಟಾದ ಕ್ರ್ರ್, ಕ್ರ್ರ್. ಅದನ್ನು ಕೇಳಿ ಬದುವೆಲ್ಲಾ ಹುಡುಕಿದರೂ ಕಪ್ಪೆ ಕಾಣುವುದಿಲ್ಲ. ದನದ ಗೊರಸಿನ ಗುಂಡಿಯಲ್ಲಿ, ಹುಲ್ಲಿನ ಬುಡದಲ್ಲಿ ಕೂತಿರುತ್ತದೆ. ಬೆಳಿಗ್ಗೆ ಹೋಗಿ ಅದೇ ಗುಂಡಿಯ ನೀರನ್ನು ನೋಡಿ. ನೆನೆಸಿದ ಸಬ್ಬಕ್ಕಿ ಹರಡಿದ ಹಾಗೆ ನೂರಾರು ಮೊಟ್ಟೆ ಒಂದೇ ಪದರವಾಗಿ ತೇಲುತ್ತಿದ್ದರೆ ರಾತ್ರಿ ಕೂಗಿದ್ದು ಯಾರು ಅಂತ ಗೊತ್ತಾಯಿತು.

ಪ್ರಶ್ನೆ: ನಾನು ಮೈಸೂರಿನಲ್ಲಿ ಬಿಎಸ್ಸಿ ಓದುತ್ತಿದ್ದೇನೆ. ನಮ್ಮೂರ ಗದ್ದೆಯ ಕಪ್ಪೆಗಳ ಮೇಲೆ ಪ್ರಾಜೆಕ್ಟ್. ಹಳೆಯ ಪುಸ್ತಕದಲ್ಲಿ ರಾನಾ ಲಿಮ್ನೋಕ್ಯಾರಿಸ್ ಅಂತಿದೆ, ಇನ್ನೊಂದರಲ್ಲಿ ಫೆಜರ್ವರ್ಯ, ಇಂಟರ್ನೆಟ್ಟಿನಲ್ಲಿ ಮಿನರ್ವರ್ಯ. ಯಾವುದನ್ನು ಬರೆಯಲಿ?
— ವಿದ್ಯಾರ್ಥಿನಿ, ಮೈಸೂರು

ಮೂರೂ ಹೆಸರು ಒಂದಲ್ಲ ಒಂದು ಕಾಲಕ್ಕೆ ಚಾಲ್ತಿಯಲ್ಲಿದ್ದವೇ ಮಗೂ. ಕಥೆ ಸ್ವಲ್ಪ ಉದ್ದ, ಆದರೆ ಗೊತ್ತಿದ್ದರೆ ಪ್ರಾಜೆಕ್ಟಿಗೆ ತೂಕ ಬರುತ್ತದೆ.

ಲಿಮ್ನೋಕ್ಯಾರಿಸ್ ಅನ್ನುವ ಹೆಸರು ಬಂದದ್ದು ಜಾವಾ ದ್ವೀಪದ ಕಪ್ಪೆಗೆ, 1829ರಲ್ಲಿ. ಹೆಸರಿಟ್ಟವರು ಗ್ರಾವೆನ್‌ಹಾರ್ಸ್ಟ್. ಆಮೇಲೆ ಏಷ್ಯಾದ ಯಾವ ಗದ್ದೆಯಲ್ಲಿ ಇಂಥ ಸಣ್ಣ ಕಂದು ಕಪ್ಪೆ ಸಿಕ್ಕರೂ ಅದೇ ಹೆಸರು ಬರೆಯುವ ರೂಢಿಯಾಯಿತು. ಜಪಾನಿನಲ್ಲಿ ಸಿಕ್ಕರೂ ಅದೇ, ಮಂಡ್ಯದಲ್ಲಿ ಸಿಕ್ಕರೂ ಅದೇ. ನೋಡಲು ಎಲ್ಲಾ ಹೆಚ್ಚುಕಡಿಮೆ ಒಂದೇ ಥರ ಇದ್ದದ್ದೇ ಕಾರಣ. ಕೂಗನ್ನು ರೆಕಾರ್ಡ್ ಮಾಡಿ ಹೋಲಿಸುವುದು, ಡಿಎನ್‌ಎ ಓದುವುದು ಶುರುವಾದ ಮೇಲೆ ಇದು ಒಂದು ಜಾತಿಯಲ್ಲ, ಹಲವು ಜಾತಿಗಳ ಗುಂಪು ಅಂತ ತಿಳಿಯಿತು. ನಮ್ಮ ರಾಜ್ಯದಲ್ಲೇ ನೋಡು: 2008ರಲ್ಲಿ ಜಪಾನಿನ ಕುರಾಮೊಟೊ ಮತ್ತು ಜೊತೆಗಾರರು ಪಶ್ಚಿಮ ಘಟ್ಟದಿಂದ ನಾಲ್ಕು ಹೊಸ ಜಾತಿಗಳನ್ನು ಒಟ್ಟಿಗೆ ವರ್ಣಿಸಿದರು. ಅದರಲ್ಲಿ ಒಂದು ಮಡಿಕೇರಿಯದ್ದು, ಹೆಸರು ಮುದ್ದುರಾಜ. ಇನ್ನೊಂದಕ್ಕೆ ಕುದುರೆಮುಖದ ಹೆಸರು.

ದಕ್ಷಿಣ ಭಾರತದ ಬಯಲಿನ ಗದ್ದೆಗಪ್ಪೆಗೆ ಜರ್ಡನ್ 1853ರಲ್ಲೇ ರಾನಾ ಅಗ್ರಿಕೋಲಾ ಅಂತ ಹೆಸರು ಕೊಟ್ಟಿದ್ದರು. ಅದು ಬಹಳ ಕಾಲ ಮೂಲೆಗೆ ಬಿದ್ದಿತ್ತು, ಇತ್ತೀಚೆಗೆ ಮತ್ತೆ ಬಳಕೆಗೆ ಬಂದಿದೆ. ಮಿನರ್ವರ್ಯ ಎಂಬ ಕುಲವನ್ನು 2001ರಲ್ಲಿ ಮಾಡಿದ್ದು. 2018ರ ಒಂದು ಅಧ್ಯಯನದ ನಂತರ ದಕ್ಷಿಣ ಏಷ್ಯಾದ ಕಪ್ಪೆಗಳನ್ನು ಫೆಜರ್ವರ್ಯದಿಂದ ತೆಗೆದು ಇದಕ್ಕೆ ಸೇರಿಸಿದರು.

ನೀನು ಹೀಗೆ ಮಾಡು. 'ಮಿನರ್ವರ್ಯ, ಅಗ್ರಿಕೋಲಾಕ್ಕೆ ಹತ್ತಿರ' ಅಂತ ಬರೆ. ಬರೀ ಫೋಟೋ ನೋಡಿ ಜಾತಿ ಖಚಿತ ಅಂತ ಬರೆಯಬೇಡ, ಈ ಗುಂಪಿನಲ್ಲಿ ಅದು ನಡೆಯುವುದಿಲ್ಲ. ಅದರ ಬದಲು ಮೊಬೈಲಿನಲ್ಲಿ ಒಂದೊಂದು ಕಪ್ಪೆಯ ಕೂಗನ್ನು ಬೇರೆ ಬೇರೆಯಾಗಿ ರೆಕಾರ್ಡ್ ಮಾಡು. ಎಷ್ಟು ಗಂಟೆ, ಗಾಳಿಯ ಉಷ್ಣತೆ ಎಷ್ಟು, ಗದ್ದೆಯಲ್ಲಿ ಎಷ್ಟು ಇಂಚು ನೀರು, ನಾಟಿಯಾಗಿ ಎಷ್ಟು ದಿನ, ಇಷ್ಟನ್ನೂ ಬರೆದಿಡು. ಉಷ್ಣತೆ ಬದಲಾದರೆ ಕೂಗಿನ ವೇಗವೂ ಬದಲಾಗುತ್ತದೆ. ಅದನ್ನು ಬರೆಯದಿದ್ದರೆ ರೆಕಾರ್ಡಿಂಗಿಗೆ ಅರ್ಧ ಬೆಲೆ. ಬೆನ್ನು, ಪಕ್ಕೆ, ಹೊಟ್ಟೆ ಮೂರರ ಫೋಟೋ ತೆಗೆದು, ಜೀವಿಗಳ ಫೋಟೋ ಹಾಕಿ ಗುರುತು ಕೇಳುವ ಐನ್ಯಾಚುರಲಿಸ್ಟ್ ಎಂಬ ವೆಬ್‌ಸೈಟಿಗೆ ಹಾಕಿದರೆ ತಿಳಿದವರು ನೋಡುತ್ತಾರೆ. ಹೊಸ ಜಾತಿ ಸಿಗುವುದಕ್ಕೆ ದಟ್ಟ ಕಾಡೇ ಬೇಕು ಅಂತ ತಿಳಿಯಬೇಡ. ಮೈಕ್ರೋಹೈಲಾ ಲ್ಯಾಟರೈಟ್ ಎಂಬ 1.6 ಸೆಂಟಿಮೀಟರಿನ ಕಪ್ಪೆಯನ್ನು 2016ರಲ್ಲಿ ವರ್ಣಿಸಿದ್ದು ಮಣಿಪಾಲದ ಸುತ್ತಮುತ್ತ, ಜನ ಓಡಾಡುವ ಜಂಬಿಟ್ಟಿಗೆ ಬಯಲಿನಲ್ಲಿ.

ಪ್ರಶ್ನೆ: ಕಪ್ಪೆ ಇದ್ದರೆ ಭತ್ತಕ್ಕೆ ಔಷಧಿ ಹೊಡೆಯುವುದೇ ಬೇಡ ಅಂತ ಒಬ್ಬರು ಹೇಳಿದರು. ನಮ್ಮ ಗದ್ದೆಯಲ್ಲಿ ಕಪ್ಪೆ ಕಮ್ಮಿ. ಬೇರೆ ಕಡೆಯಿಂದ ಹಿಡಿದು ತಂದು ಬಿಡಬಹುದಾ ಮೇಡಂ?
— ರೈತ, ಮಂಡ್ಯ ತಾಲ್ಲೂಕು

ತರಬೇಡಿ. ಮೊದಲು ಅದನ್ನೇ ಹೇಳಿಬಿಡುತ್ತೇನೆ. ಕಪ್ಪೆಯ ಜೊತೆ ಅದರ ರೋಗವೂ ಬರುತ್ತದೆ. ಕೈಟ್ರಿಡ್ ಎಂಬ ಶಿಲೀಂಧ್ರ ಕಪ್ಪೆಯ ಚರ್ಮಕ್ಕೆ ಹತ್ತಿ ಪ್ರಪಂಚದ ಹಲವು ಕಡೆ ಜಾತಿಗೆ ಜಾತಿಯನ್ನೇ ಅಳಿಸಿದೆ. ಕಬ್ಬು ಬೆಳೆಯುವ ನಮ್ಮ ಜಿಲ್ಲೆಯವರು ಆಸ್ಟ್ರೇಲಿಯಾದ ಕಥೆಯನ್ನೂ ತಿಳಿದಿರಬೇಕು. 1935ರಲ್ಲಿ ಅಲ್ಲಿನ ಕ್ವೀನ್ಸ್‌ಲ್ಯಾಂಡಿನವರು ಕಬ್ಬಿನ ದುಂಬಿ ತಿನ್ನಲಿ ಅಂತ ಹವಾಯಿಯಿಂದ ನೆಲಗಪ್ಪೆ ತರಿಸಿ ಬಿಟ್ಟರು. ದುಂಬಿ ಹಾಗೇ ಉಳಿಯಿತು. ನೆಲಗಪ್ಪೆ ಮಾತ್ರ ಸಾವಿರಾರು ಕಿಲೋಮೀಟರ್ ಹಬ್ಬಿತು. ಅದರ ವಿಷಕ್ಕೆ ಅಲ್ಲಿನ ಹಾವು, ಉಡ, ಕಾಡುಪ್ರಾಣಿಗಳು ಇಂದಿಗೂ ಬಲಿಯಾಗುತ್ತಿವೆ.

ಕಪ್ಪೆ ಇದ್ದರೆ ಔಷಧಿಯೇ ಬೇಡ ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಗದ್ದೆಗಪ್ಪೆ ಕಣ್ಣ ಮುಂದೆ ಅಲ್ಲಾಡಿದ, ಬಾಯಿಗೆ ಹಿಡಿಸುವ ಯಾವುದನ್ನಾದರೂ ನುಂಗುತ್ತದೆ. ಜಿಗಿಹುಳು, ಮಿಡತೆ, ದುಂಬಿ, ಇರುವೆ, ಸಣ್ಣ ಪತಂಗ, ಹುಳ. ಜೇಡವನ್ನೂ ತಿನ್ನುತ್ತದೆ. ಆ ಜೇಡ ಕೂಡ ಜಿಗಿಹುಳುವನ್ನು ತಿನ್ನುವ ನಿಮ್ಮ ಗೆಳೆಯನೇ. ಮೈಕ್ರೋಹೈಲಾಗೆ ಇರುವೆ, ಗೆದ್ದಲೇ ಹೆಚ್ಚು. ಕಾಂಡದ ಒಳಗೆ ಕೂತ ಕೊರಕ ಹುಳು ಯಾವ ಕಪ್ಪೆಗೂ ಸಿಗುವುದಿಲ್ಲ. ಹಾಗಾಗಿ ಕಪ್ಪೆ ಒಂದೇ ಬೆಳೆ ಕಾಯುತ್ತದೆ ಅನ್ನುವಂತಿಲ್ಲ. ಕಪ್ಪೆ, ಜೇಡ, ಏರೋಪ್ಲೇನ್ ಚಿಟ್ಟೆ, ನೀರಿನ ತಿಗಣೆ, ಬೆಳ್ಳಕ್ಕಿ ಎಲ್ಲಾ ಸೇರಿ ಕಾಯುತ್ತವೆ. ಕಂದು ಜಿಗಿಹುಳುವಿಗೆ ಅವಸರಪಟ್ಟು ಪದೇ ಪದೇ ಔಷಧಿ ಹೊಡೆದರೆ ಈ ಕಾವಲುಗಾರರು ಮೊದಲು ಸಾಯುತ್ತಾರೆ. ಜಿಗಿಹುಳು ಮೊಟ್ಟೆಯಿಂದ ಮತ್ತೆ ಎದ್ದು ಬರುತ್ತದೆ, ಮೊದಲಿಗಿಂತ ಜಾಸ್ತಿಯಾಗಿ. ಇದು ಏಷ್ಯಾದ ಭತ್ತದ ನಾಡುಗಳೆಲ್ಲಾ ಅನುಭವಿಸಿ ಕಲಿತ ಪಾಠ.

ನಿಮ್ಮ ಗದ್ದೆಯಲ್ಲಿ ಕಪ್ಪೆ ಯಾಕೆ ಕಮ್ಮಿ ಅಂತ ನೋಡೋಣ. ಕಪ್ಪೆ ಬಾಯಲ್ಲಿ ನೀರು ಕುಡಿಯುವುದಿಲ್ಲ, ಹೊಟ್ಟೆಯ ಕೆಳಗಿನ ಚರ್ಮದಿಂದ ಹೀರುತ್ತದೆ. ನೀರಲ್ಲಿ ಏನು ಬೆರೆತಿದೆಯೋ ಅದು ನೇರ ಮೈಗೆ ಹೋಗುತ್ತದೆ. ಗೊದಮೊಟ್ಟೆಗಳಂತೂ ಆ ನೀರಲ್ಲೇ ಉಸಿರಾಡಬೇಕು. ನಾಟಿಯಾದ ಕೆಲವೇ ದಿನಕ್ಕೆ ಬ್ಯುಟಾಕ್ಲೋರ್ ಕಳೆನಾಶಕ ಹಾಕುತ್ತೇವೆ. ಕಪ್ಪೆ ಮೊಟ್ಟೆಯಿಡುವುದೂ ಅದೇ ದಿನಗಳಲ್ಲಿ. ಗದ್ದೆಗಪ್ಪೆಯ ಗೊದಮೊಟ್ಟೆಗಳ ಮೇಲೆ ನಡೆದ ಪರೀಕ್ಷೆಗಳಲ್ಲಿ ಈ ಔಷಧಿಯಿಂದ ಅವು ಸಾಯುವುದು, ಬೆಳವಣಿಗೆ ಕೆಡುವುದು ಕಂಡಿದೆ. ಕಳೆ ಕೀಳಲು ಆಳು ಸಿಗುವುದಿಲ್ಲ, ಕೂಲಿ ಗಿಟ್ಟುವುದಿಲ್ಲ, ನಮ್ಮ ಮನೆಯಲ್ಲೂ ಅದೇ ಪಾಡು. ಪೂರ್ತಿ ಬಿಡಿ ಅಂತ ಹೇಳುವುದಿಲ್ಲ. ಆದರೆ ಇಷ್ಟನ್ನು ಮಾಡಲು ಆಗುತ್ತದೆ, ಅಲ್ವಾ: ಹೇಳಿದ ಅಳತೆಗಿಂತ ಒಂದು ಹನಿ ಜಾಸ್ತಿ ಬೇಡ. ಹಾಕಿದ ಮೇಲೆ ಕೆಲವು ದಿನ ಗದ್ದೆ ನೀರನ್ನು ಕಾಲುವೆಗೆ ಹರಿಬಿಡಬೇಡಿ. ಡಬ್ಬ, ಪಂಪನ್ನು ನಾಲೆಯಲ್ಲಿ ತೊಳೆಯಬೇಡಿ. ಬದುವಿಗೆ ಮಾತ್ರ ಯಾವ ಕಳೆನಾಶಕವೂ ಬೇಡ, ಕುಡುಗೋಲಲ್ಲಿ ಹುಲ್ಲು ಕುಯ್ದುಕೊಳ್ಳಿ. ಹಸುವಿಗೂ ಆಯಿತು, ಕಪ್ಪೆಗೂ ಆಯಿತು. ಬದುವಿನ ಹುಲ್ಲು ಕಳೆನಾಶಕಕ್ಕೆ ಸುಟ್ಟು ಕಂದಾಗಿ ನಿಂತ ಗದ್ದೆಯಲ್ಲಿ ಗದ್ದೆಗಪ್ಪೆ ಹಗಲು ಹೊತ್ತು ಅಡಗಲು ಜಾಗವೇ ಇರುವುದಿಲ್ಲ. ನೀವು ಕಪ್ಪೆ ತರುವುದೇ ಬೇಡ. ಜಾಗ ಸರಿಯಾದರೆ ಪಕ್ಕದ ಕಾಲುವೆಯಿಂದ ತಾವೇ ಬರುತ್ತವೆ.

ಪ್ರಶ್ನೆ: ನಮ್ಮದು ನಾಲೆಯ ಕೊನೆ ಭಾಗ. ಕಟ್ಟು ಪದ್ಧತಿಯಲ್ಲಿ ನೀರು ಬರುತ್ತದೆ, ನಿಲ್ಲುತ್ತದೆ. ನೀರು ನಿಂತಾಗ ಗದ್ದೆ ಬಿರುಕು ಬಿಟ್ಟು, ಗೊದಮೊಟ್ಟೆಗಳು ಕೆಸರಿನಲ್ಲಿ ರಾಶಿ ರಾಶಿ ಸಾಯುತ್ತವೆ. ನೋಡಲು ಸಂಕಟವಾಗುತ್ತದೆ. ಏನಾದರೂ ಮಾಡಬಹುದಾ?
— ರೈತ ಮಹಿಳೆ, ಮಳವಳ್ಳಿ ತಾಲ್ಲೂಕು

ಈ ಪತ್ರವನ್ನು ಎರಡು ಸಲ ಓದಿದೆ ತಾಯಿ. ನೀರಿಗಾಗಿ ನೀವೇ ರಾತ್ರಿಯೆಲ್ಲಾ ತೂಬಿನ ಹತ್ತಿರ ಕಾಯುವಾಗ ಗೊದಮೊಟ್ಟೆಯ ಸಂಕಟವೂ ನಿಮ್ಮ ಕಣ್ಣಿಗೆ ಬಿತ್ತಲ್ಲ, ಅದಕ್ಕೆ ನಮಸ್ಕಾರ.

ಗದ್ದೆಗಪ್ಪೆಯ ಬದುಕೆಲ್ಲಾ ನೀರಿನ ದಿನಗಳ ಲೆಕ್ಕ. ಮೊಟ್ಟೆ ಒಂದೆರಡು ದಿನದಲ್ಲಿ ಒಡೆಯುತ್ತದೆ. ಗೊದಮೊಟ್ಟೆಗೆ ಹಿಂಗಾಲು ಬಂದು, ಮುಂಗಾಲು ಬಂದು, ಬಾಲ ಕರಗಿ ಕಪ್ಪೆಯಾಗಲು ಸುಮಾರು ಒಂದು ತಿಂಗಳು ಬೇಕು. ನೀರು ಬೆಚ್ಚಗಿದ್ದು ತಿನ್ನಲು ಚೆನ್ನಾಗಿ ಸಿಕ್ಕರೆ ಸ್ವಲ್ಪ ಬೇಗ, ಇಲ್ಲದಿದ್ದರೆ ತಡ. ಅಷ್ಟು ದಿನ ಗದ್ದೆಯಲ್ಲಿ ಎಲ್ಲಾದರೂ ಒಂದು ಕಡೆ ನೀರು ಇರಲೇಬೇಕು. ಇಡೀ ಗದ್ದೆಯಲ್ಲಿ ಇರಬೇಕಾಗಿಲ್ಲ, ಒಂದು ಕಡೆ ಇದ್ದರೆ ಸಾಕು. ನಿಮ್ಮ ಪ್ರಶ್ನೆಗೆ ದಾರಿ ಇರುವುದೂ ಅಲ್ಲೇ.

ನಮ್ಮ ಗದ್ದೆಯಲ್ಲಿ ನಾವು ಮಾಡಿರುವುದನ್ನು ಹೇಳುತ್ತೇನೆ. ನೀರು ಕೊನೆಗೆ ಬಂದು ಸೇರುವ ತಗ್ಗಿನ ಮೂಲೆಯಲ್ಲಿ ಮಂಡಿಯಾಳದ ಒಂದು ಗುಂಡಿ. ಅಗಲ ಒಂದು ಆಳು ಕೈಚಾಚುವಷ್ಟು. ಒಂದು ಬದಿಯನ್ನು ಕಡಿದಾಗಿ ಬಿಡದೆ ಇಳಿಜಾರು ಮಾಡಬೇಕು, ಇಲ್ಲದಿದ್ದರೆ ಆಗತಾನೇ ಕಾಲು ಬಂದ ಮರಿ ಹತ್ತಿ ಬರಲಾರದೆ ಮುಳುಗುತ್ತದೆ. ಗುಂಡಿಯಿಂದ ಗದ್ದೆಯೊಳಕ್ಕೆ ಒಂದು ಗೇಣು ಅಗಲದ ಕಾಲುವೆ ಎಳೆದರೆ ನೀರು ಇಳಿಯುತ್ತಾ ಹೋದ ಹಾಗೆ ಗೊದಮೊಟ್ಟೆಗಳೂ ಅದರ ಗುಂಟ ಗುಂಡಿಗೆ ಬರುತ್ತವೆ. ಎಲ್ಲವೂ ಬರುವುದಿಲ್ಲ, ಕೆಲವು ಹೆಜ್ಜೆ ಗುರುತಿನಲ್ಲಿ ಸಿಕ್ಕಿಕೊಳ್ಳುತ್ತವೆ. ಸಂಜೆ ಹೊತ್ತು ಮಕ್ಕಳನ್ನು ಕರೆದುಕೊಂಡು ಹೋದರೆ ಅವನ್ನು ಬೊಗಸೆಯಲ್ಲಿ ಎತ್ತಿ ಹಾಕುತ್ತಾರೆ, ಅದಕ್ಕೆ ಹೇಳಿಕೊಡುವುದೇ ಬೇಡ. ಗುಂಡಿಗೆ ಎರಡು ತೆಂಗಿನ ಗರಿ ಮುಚ್ಚಿದರೆ ಬಿಸಿಲಿಗೆ ನೀರು ಕಾಯುವುದಿಲ್ಲ, ಬೆಳ್ಳಕ್ಕಿ ಬಂದು ಒಂದೇ ಸಲಕ್ಕೆ ಖಾಲಿ ಮಾಡುವುದೂ ಇಲ್ಲ. ಬೆಳ್ಳಕ್ಕಿಗೂ ಹೊಟ್ಟೆ ಇದೆ, ಅದು ಬೇರೆ ಮಾತು. ರಂಗನತಿಟ್ಟಿನ ಸುತ್ತ ಗೂಡು ಕಟ್ಟುವ ಹಕ್ಕಿಗಳಲ್ಲಿ ಎಷ್ಟೋ ನಮ್ಮ ಗದ್ದೆಗಳಲ್ಲೇ ಮೇಯುತ್ತವೆ.

ನೀರನ್ನು ಒಮ್ಮೆ ಕಟ್ಟಿ ಒಮ್ಮೆ ಆರಿಸಿ ಬೆಳೆಯುವುದು ತಪ್ಪೇನಲ್ಲ. ನೀರು ಉಳಿಯುತ್ತದೆ, ಬೇರು ಗಟ್ಟಿಯಾಗುತ್ತದೆ. ಕಾವೇರಿಯ ನೀರಿಗೆ ಇಷ್ಟು ಜನ ಕಾಯುತ್ತಿರುವಾಗ ಕಪ್ಪೆಗಾಗಿ ಗದ್ದೆ ತುಂಬಿಸಿಡಿ ಅಂತ ಯಾರಿಗೂ ಹೇಳಲಾಗದು. ಒಂದು ಗುಂಡಿ ಹಿಡಿಸುವಷ್ಟು ನೆಲ ಬಿಡುವುದು ಮಾತ್ರ ನಮ್ಮ ಕೈಯಲ್ಲೇ ಇದೆ.

2023ರಲ್ಲಿ ಮಳೆ ಕೈಕೊಟ್ಟು ಕನ್ನಂಬಾಡಿ ಕಟ್ಟೆ ತುಂಬಲಿಲ್ಲ. ಬೇಸಿಗೆ ಬೆಳೆಗೆ ನೀರಿಲ್ಲದೆ ನಮ್ಮ ಗದ್ದೆ ಬೀಳು ಬಿತ್ತು. ಮಾರನೆಯ ವರ್ಷ ಮಳೆ ಚೆನ್ನಾಗಿ ಬಂದು ಜುಲೈ ಕೊನೆಗೆ ಕಟ್ಟೆ 124 ಅಡಿ ದಾಟಿತು, ನಾಲೆಯಲ್ಲಿ ನೀರು ಬಂತು, ಗದ್ದೆ ಕಲೆಸಿದ ರಾತ್ರಿಯೇ ಕೂಗು ಶುರುವಾಯಿತು. ಅಷ್ಟು ದಿನ ಅವು ಎಲ್ಲಿದ್ದವು ಅಂತ ಕೇಳಿದರೆ ನಾನು ಕಂಡ ಜಾಗಗಳು ಇವು: ಬದುವಿನ ನಳ್ಳಿ ತೂತು, ಬಾಳೆ ಬುಡದ ತೇವ, ಬಚ್ಚಲ ನೀರು ಹೋಗುವ ಮೋರಿಯ ಪಕ್ಕದ ಕಲ್ಲುಗಳ ಸಂದು. ಬದುವನ್ನು ಯಂತ್ರದಲ್ಲಿ ಕೆರೆದು ತೆಳ್ಳಗೆ ಮಾಡುವವರು ಆ ನಳ್ಳಿ ತೂತುಗಳನ್ನೂ ನೆನಪಿಟ್ಟುಕೊಳ್ಳಲಿ.

ಪ್ರಶ್ನೆ: ನನ್ನ ಮಗ ಪಾರ್ಕಿನಲ್ಲಿ ಸಣ್ಣ ಕಪ್ಪೆ ಹಿಡಿದಿದ್ದ. ಮೈಮೇಲೆ ನರಹುಲಿ ಏಳುತ್ತದೆ ಅಂತ ಅಕ್ಕಪಕ್ಕದವರು ಹೆದರಿಸಿದರು.
— ತಾಯಿ, ಮೈಸೂರು

ನರಹುಲಿ ಬರುವುದು ವೈರಸ್ಸಿನಿಂದ, ಅದೂ ಮನುಷ್ಯರಿಂದ ಮನುಷ್ಯರಿಗೆ. ಕಪ್ಪೆಗೂ ಅದಕ್ಕೂ ಸಂಬಂಧವಿಲ್ಲ. ಸೋಪು ಹಾಕಿ ಕೈ ತೊಳೆಸಿ, ಕಣ್ಣು ಉಜ್ಜಿಕೊಳ್ಳದ ಹಾಗೆ ನೋಡಿಕೊಳ್ಳಿ, ಸಾಕು. ಮೈಯೆಲ್ಲಾ ಗುಳ್ಳೆ ಇರುವ, ಕಣ್ಣಿನ ಹಿಂದೆ ಎರಡು ಉಬ್ಬು ಇರುವ ನೆಲಗಪ್ಪೆಯನ್ನು ಮಾತ್ರ ನಾಯಿ ಕಚ್ಚದಂತೆ ನೋಡಿಕೊಳ್ಳಬೇಕು, ಆ ಉಬ್ಬುಗಳಲ್ಲಿ ವಿಷದ ರಸ ಇದೆ. ನಿಮ್ಮ ಮಗನಿಗೆ ಇನ್ನೊಂದು ಮಾತು ಹೇಳಿ: ನಮ್ಮ ಕೈಯ ಉಪ್ಪು, ಕ್ರೀಮು ಕಪ್ಪೆಯ ತೆಳು ಚರ್ಮಕ್ಕೆ ಉರಿ. ಮುಟ್ಟಲೇಬೇಕಾದರೆ ಕೈ ಒದ್ದೆ ಮಾಡಿಕೊಳ್ಳಲಿ.

ಪ್ರಶ್ನೆ: ನಾನು ಹುಡುಗನಾಗಿದ್ದಾಗ ರಾತ್ರಿ ಪೆಟ್ರೋಮ್ಯಾಕ್ಸ್ ಹಿಡಿದು ಕಪ್ಪೆ ಹಿಡಿಯುವವರು ಬರುತ್ತಿದ್ದರು. ಕಾಲು ಫಾರಿನ್ನಿಗೆ ಹೋಗುತ್ತದೆ ಅನ್ನುತ್ತಿದ್ದರು. ಅದು ಯಾವಾಗ ನಿಂತಿತು?
— ಹಿರಿಯ ಓದುಗರು, ಕೆ.ಆರ್. ಪೇಟೆ

1987ರಲ್ಲಿ ಸ್ವಾಮಿ. ಆ ವರ್ಷ ಕೇಂದ್ರ ಸರ್ಕಾರ ಕಪ್ಪೆ ಕಾಲಿನ ರಫ್ತನ್ನು ನಿಷೇಧಿಸಿತು. ಅದಕ್ಕೂ ಮುಂಚೆ ಯುರೋಪ್, ಅಮೆರಿಕಕ್ಕೆ ಕಪ್ಪೆ ಕಾಲು ಕಳಿಸುವ ದೊಡ್ಡ ದೇಶಗಳಲ್ಲಿ ನಮ್ಮದೂ ಒಂದು. ಕೊಲ್ಲುವ ರೀತಿ ಬಹಳ ಕ್ರೂರವಾಗಿತ್ತು. ಕಪ್ಪೆ ಕಮ್ಮಿಯಾದರೆ ಗದ್ದೆಯಲ್ಲಿ ಕೀಟ ಹೆಚ್ಚುತ್ತದೆ, ಅದಕ್ಕೆ ಮತ್ತೆ ಕೀಟನಾಶಕಕ್ಕೆ ದುಡ್ಡು ಸುರಿಯಬೇಕು ಅಂತ ಪರಿಸರದ ಬಗ್ಗೆ ಕಾಳಜಿ ಇದ್ದವರು ಗಟ್ಟಿಯಾಗಿ ಹೇಳಿದರು. ಇಲ್ಲಿ ನಿಂತ ಮೇಲೆ ವ್ಯಾಪಾರ ಇಂಡೊನೇಷ್ಯಾದಂಥ ದೇಶಗಳಿಗೆ ಹೋಯಿತು. ಇಲ್ಲಿ ಹಿಡಿಯುತ್ತಿದ್ದದ್ದು ಮುಖ್ಯವಾಗಿ ಗೋಂಕರು ಕಪ್ಪೆಯನ್ನು. ಸಣ್ಣ ಗದ್ದೆಗಪ್ಪೆಯ ಕಾಲಿನಲ್ಲಿ ಮಾಂಸವೇ ಇಲ್ಲದ್ದರಿಂದ ಅದು ಬದುಕಿಕೊಂಡಿತು. ನೀವು ಆಗ ಕಂಡದ್ದನ್ನು, ಯಾವ ಕೆರೆ, ಯಾವ ತಿಂಗಳು, ಎಷ್ಟು ಜನ ಬರುತ್ತಿದ್ದರು ಅನ್ನುವುದನ್ನು, ದಯವಿಟ್ಟು ಬರೆದು ಕಳಿಸಿ. ನಿಮ್ಮ ವಯಸ್ಸಿನವರ ನೆನಪಿನಲ್ಲಿ ಮಾತ್ರ ಅದು ಉಳಿದಿದೆ.

ಪ್ರಶ್ನೆ: ಮಳೆ ಬರಲಿ ಅಂತ ನಮ್ಮೂರಲ್ಲಿ ಕಪ್ಪೆ ಮದುವೆ ಮಾಡುತ್ತಾರೆ. ಕಪ್ಪೆಗೆ ಇದರಿಂದ ತೊಂದರೆಯಾ?
— ಯುವಕ, ನಾಗಮಂಗಲ

ಮಳೆಗಾಗಿ ಊರೇ ಸೇರಿ ಬೇಡಿಕೊಳ್ಳುವುದರ ಹಿಂದಿನ ಕಷ್ಟ ನನಗೆ ಗೊತ್ತು. ನಾಗಮಂಗಲದ ಕಡೆ ಆರಿದ್ರಾ ಮಳೆ ತಪ್ಪಿದರೆ ರಾಗಿಯದ್ದೇ ಚಿಂತೆ. ಮಳೆಗೂ ಕಪ್ಪೆಗೂ ಇರುವ ನಂಟು ನಿಜ: ಗಾಳಿಯಲ್ಲಿ ತೇವ ಹೆಚ್ಚಿದಾಗ ಅವು ಕೂಗುತ್ತವೆ, ಮಳೆ ಬಿದ್ದಾಗ ಮೊಟ್ಟೆಯಿಡುತ್ತವೆ. ಮಳೆ ಕಪ್ಪೆಯನ್ನು ಎಬ್ಬಿಸುತ್ತದೆ, ಕಪ್ಪೆ ಮಳೆಯನ್ನು ತರಿಸುವುದಿಲ್ಲ. ಮದುವೆಯಲ್ಲಿ ಅವಕ್ಕೆ ತೊಂದರೆ ಆಗುವುದು ಬಿಸಿಲಿನಿಂದ, ಒಣ ಬಟ್ಟೆಯಿಂದ, ಅರಿಶಿನ ಕುಂಕುಮದಿಂದ. ನಮ್ಮತ್ತೆಯ ತವರಿನಲ್ಲಿ ಮಣ್ಣಿನ ಕಪ್ಪೆ ಮಾಡಿ ಮೆರವಣಿಗೆ ಮಾಡುತ್ತಿದ್ದರಂತೆ. ನಿಮ್ಮ ಊರಿನ ಹಿರಿಯರ ಹತ್ತಿರ ಹಾಗೊಂದು ಮಾತು ತೆಗೆದು ನೋಡಿ, ಒಪ್ಪಬಹುದು.

ಪ್ರಶ್ನೆ: ನಾನು ಪ್ರೈಮರಿ ಶಾಲೆ ಶಿಕ್ಷಕಿ. ಗೊದಮೊಟ್ಟೆ ಕಪ್ಪೆಯಾಗುವುದನ್ನು ಮಕ್ಕಳಿಗೆ ತೋರಿಸಬೇಕು. ಬಾಟಲಿಯಲ್ಲಿ ಹಿಡಿದು ತಂದು ಕ್ಲಾಸಿನಲ್ಲಿ ಇಡಬಹುದಾ?
— ಶಿಕ್ಷಕಿ, ಶ್ರೀರಂಗಪಟ್ಟಣ

ಬಾಟಲಿ ಬೇಡ ಮೇಡಂ. ಬಾಟಲಿಯಲ್ಲಿ ನೀರು ಬೇಗ ಕೆಡುತ್ತದೆ, ಶನಿವಾರ ಭಾನುವಾರ ನೋಡಿಕೊಳ್ಳುವವರು ಇರುವುದಿಲ್ಲ. ಮುಂಗಾಲು ಬಂದ ಮೇಲೆ ಅವು ಗಾಳಿಯನ್ನು ಉಸಿರಾಡುತ್ತವೆ, ಹತ್ತಿ ಕೂರಲು ಜಾಗ ಇಲ್ಲದಿದ್ದರೆ ಮುಳುಗಿ ಸಾಯುತ್ತವೆ. ಮಕ್ಕಳು ಸೋಮವಾರ ಅದನ್ನು ನೋಡುವುದು ಬೇಡ.

ನಿಮ್ಮ ಶಾಲೆಯಿಂದ ಗದ್ದೆ ದೂರವಿರಲಾರದು. ಮಕ್ಕಳನ್ನೇ ಬದುವಿನ ಹತ್ತಿರ ಕರೆದುಕೊಂಡು ಹೋಗಿ, ಒಂದು ಬಿಳಿ ಪ್ಲಾಸ್ಟಿಕ್ ತಟ್ಟೆ ಜೊತೆಗಿರಲಿ. ಗದ್ದೆಯ ನೀರನ್ನೇ ತಟ್ಟೆಗೆ ಹಾಕಿ, ಕೆಲವು ಗೊದಮೊಟ್ಟೆ ಬಿಡಿ. ಎರಡು ಥರ ಕಾಣುತ್ತವೆ. ಕಂದು ಚುಕ್ಕೆಯವು ತಟ್ಟೆಯ ತಳಕ್ಕೆ ಹೋಗಿ ಪಾಚಿ ಕೆರೆಯಲು ಬಾಯಿ ಆಡಿಸುತ್ತವೆ. ಅವು ಗದ್ದೆಗಪ್ಪೆಯವು. ಗಾಜಿನಂತೆ ಒಳಗಿನ ಕರುಳು ಕಾಣುವವು, ಕಣ್ಣು ತಲೆಯ ಎರಡು ಅಂಚಿಗೆ ಇರುವವು, ತಳಕ್ಕೆ ಹೋಗದೆ ನೀರಿನ ನಡುವೆ ನಿಂತುಕೊಳ್ಳುತ್ತವೆ. ಅವು ಮೈಕ್ರೋಹೈಲಾ. ಅವಕ್ಕೆ ಕೆರೆಯುವ ಹಲ್ಲಿಲ್ಲ, ನೀರನ್ನು ಒಳಗೆ ಎಳೆದುಕೊಂಡು ಅದರಲ್ಲಿ ತೇಲುವ ಕಣಗಳನ್ನು ಸೋಸಿ ತಿನ್ನುತ್ತವೆ. ಒಂದೇ ಗದ್ದೆ, ಒಂದೇ ನೀರು, ಆದರೂ ಊಟಕ್ಕೆ ಜಗಳವಿಲ್ಲ. ಮಕ್ಕಳು ಇದನ್ನು ತಾವೇ ಕಂಡುಹಿಡಿಯುವ ಹಾಗೆ ಬಿಡಿ, ನೀವು ಮೊದಲೇ ಹೇಳಬೇಡಿ.

ವಾರಕ್ಕೊಂದು ಸಲ ಅದೇ ಗದ್ದೆಗೆ ಹೋದರೆ ಹಿಂಗಾಲು, ಮುಂಗಾಲು, ಕರಗುವ ಬಾಲ ಎಲ್ಲಾ ಹಂತವೂ ಸಿಗುತ್ತದೆ. ಬಾಲ ಕರಗುವ ದಿನಗಳಲ್ಲಿ ಅವು ಏನೂ ತಿನ್ನುವುದಿಲ್ಲ, ಬಾಯಿಯೇ ಬದಲಾಗುತ್ತಿರುತ್ತದೆ. ತಟ್ಟೆಯನ್ನು ನೆರಳಿನಲ್ಲಿ ಇಡಿ, ಪಾಠ ಮುಗಿದ ಕೂಡಲೇ ತೆಗೆದ ಜಾಗದಲ್ಲೇ ಬಿಡಿ. ಔಷಧಿ ಹೊಡೆದ ಗದ್ದೆಗೆ ಮಕ್ಕಳನ್ನು ಇಳಿಸುವುದು ಬೇಡ, ಹೊರಡುವ ಮುಂಚೆ ಗದ್ದೆಯವರನ್ನು ಕೇಳಿಕೊಂಡೇ ಹೋಗಿ.